ಬಿಟ್ಟಿ ಉಪ್ಪಿಟ್ಟಿನ ಋಣ

ತಿಪಟೂರು ಕಡೆಯ ಓದುಗರೊಬ್ಬರ ಪತ್ರ ಹೀಗಿದೆ:

"ನಮ್ಮ ತಂದೆಗೆ 71 ವರ್ಷ. 34 ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಹೋದ ತಿಂಗಳು ಇಲ್ಲಿಯ ಕಲ್ಯಾಣ ಮಂಟಪದಲ್ಲಿ ಐದು ದಿನ ಉಚಿತ ಆರೋಗ್ಯ ಶಿಬಿರ ಇತ್ತು. ದಿನಾ ಉಪ್ಪಿಟ್ಟು, ಕಾಫಿ. ಮೊದಲ ದಿನ ಎಲ್ಲರಿಗೂ ಒಂದು ಸ್ಟೀಲ್ ಡಬ್ಬಿ. ಐದನೇ ದಿನ ಸಂಜೆ 48,000 ರೂಪಾಯಿಯ ಮ್ಯಾಗ್ನೆಟ್ ಹಾಸಿಗೆ ಮನೆಗೆ ಬಂತು. ಎಫ್‌ಡಿ ಮುರಿಸಿ ಕೊಟ್ಟಿದ್ದಾರೆ. ಮಂಡಿ ನೋವು ಹಾಗೇ ಇದೆ. ಅಷ್ಟು ಬುದ್ಧಿವಂತರು ಹೇಗೆ ಮೋಸ ಹೋದರು? ಇಂಥ ಮಾತಿನ ಮೋಡಿ ಗುರುತಿಸೋಕೆ ಒಂದು ಪಟ್ಟಿ ಕೊಡಿ. ಗೋಡೆಗೆ ಅಂಟಿಸುತ್ತೇನೆ."

ನಮಸ್ಕಾರ. ನಿಮ್ಮ ಪತ್ರ ಓದಿ ಸುಮ್ನೆ ಕೂರಲು ಆಗಲಿಲ್ಲ. ಕೆಳಗೆ ನಂಬರ್ ಇತ್ತು, ಫೋನ್ ಮಾಡಿದೆ. ಎತ್ತಿಕೊಂಡವರು ಮೇಷ್ಟ್ರು. ಅರ್ಧ ಗಂಟೆ ಮಾತಾಡಿದೆವು. ಬರೆಯಬಹುದಾ ಅಂತ ಕೇಳಿದ್ದಕ್ಕೆ "ಹೆಸರು ಹಾಕಬೇಡಿ, ಬಾಕಿ ಏನು ಬೇಕಾದರೂ ಬರೀರಿ. ನಾಲ್ಕು ಜನಕ್ಕೆ ಉಪಯೋಗ ಆಗಲಿ" ಅಂದರು. ಹಾಸಿಗೆ ಹೇಗಿದೆ ಅಂತಲೂ ಕೇಳಿದೆ. ಈಗ ಅದರ ಮೇಲೆ ಬೆಕ್ಕು ಮಲಗುತ್ತಂತೆ.

ಅವರು ಹೇಳಿದ್ದನ್ನು ಅವರ ಮಾತಲ್ಲೇ ಕೇಳಿ. "ಮೊದಲ ನಾಲ್ಕು ದಿನ ರೇಟಿನ ಸುದ್ದಿಯೇ ಇರಲಿಲ್ಲ ಸಾರ್. ಎರಡನೇ ದಿನ ಹಾಸಿಗೆ ಮೇಲೆ ಹದಿನೈದು ನಿಮಿಷ ಮಲಗಿಸಿದರು. ಎದ್ದ ಮೇಲೆ, ಯಾರಿಗೆ ಒಂಚೂರು ಹಗುರ ಅನ್ನಿಸಿತು, ಕೈ ಎತ್ತಿ ಅಂದ ಶಿಬಿರ ನಡೆಸ್ತಿದ್ದ ಹುಡುಗ. ನನಗೇನೂ ಅನ್ನಿಸಿರಲಿಲ್ಲ. ಆದರೂ ಅರ್ಧ ಕೈ ಎತ್ತಿದೆ. ಪಾಪ, ಅಷ್ಟು ಆಸೆಯಿಂದ ಕೇಳ್ತಿದ್ದ."

ಆ ಅರ್ಧ ಎತ್ತಿದ ಕೈ ನೋಡಿ. ನನ್ನ ಪ್ರಕಾರ 48,000 ರೂಪಾಯಿ ಹೋದದ್ದು ಐದನೇ ದಿನ ಅಲ್ಲ. ಅಲ್ಲಿ, ಎರಡನೇ ದಿನವೇ.

ನಾಲ್ಕನೇ ದಿನ ಅದೇ ಹುಡುಗ ಮೈಕು ತಂದು ಕೊಟ್ಟ. "ಅಪ್ಪಾಜಿ, ನೀವು ಮೇಷ್ಟ್ರು, ನಿಮ್ಮ ಮಾತಿಗೆ ತೂಕ ಇದೆ. ಎರಡು ಮಾತು ಹೇಳಿ." ಮೇಷ್ಟ್ರು ಎದ್ದು ನಿಂತು "ಪರವಾಗಿಲ್ಲ, ಸ್ವಲ್ಪ ವಾಸಿ" ಅಂದರು. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಅವರಲ್ಲಿ ಎಷ್ಟೋ ಜನ ಇವರ ಹಳೇ ವಿದ್ಯಾರ್ಥಿಗಳು. ಮಾರನೇ ದಿನ ರೇಟು ಹೇಳಿದಾಗ, ಇಲ್ಲಪ್ಪ ನನಗೇನೂ ವಾಸಿಯಾಗಿಲ್ಲ ಅನ್ನೋಕೆ ಬಾಯಿ ಬರುತ್ತಾ?

ಇದು ಹಳೇ ಪಟ್ಟು. 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಅನ್ನುವ ಇಬ್ಬರು ಸಂಶೋಧಕರು ಕ್ಯಾಲಿಫೋರ್ನಿಯಾದಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮನೆ ಮುಂದಿನ ಹುಲ್ಲುಹಾಸಿನಲ್ಲಿ 'ಎಚ್ಚರದಿಂದ ಗಾಡಿ ಓಡಿಸಿ' ಎಂಬ ದೊಡ್ಡ, ಅಂದಗೇಡಿ ಬೋರ್ಡು ನೆಡಬಹುದಾ ಅಂತ ಜನರನ್ನು ಕೇಳಿದರು. ನೇರವಾಗಿ ಕೇಳಿದಾಗ ನೂರಕ್ಕೆ 17 ಜನ ಮಾತ್ರ ಒಪ್ಪಿದರು. ಇನ್ನು ಕೆಲವು ಮನೆಗಳಿಗೆ ಎರಡು ವಾರ ಮೊದಲೇ ಹೋಗಿ, ಅದೇ ಅರ್ಥದ ಅಂಗೈಯಗಲದ ಚೀಟಿ ಅಂಟಿಸಿಕೊಳ್ಳಿ ಅಂದಿದ್ದರು. ಅಷ್ಟಕ್ಕೆ ಯಾರು ಬೇಡ ಅಂತಾರೆ? ಆ ಮನೆಗಳಲ್ಲಿ ನೂರಕ್ಕೆ 76 ಜನ ದೊಡ್ಡ ಬೋರ್ಡಿಗೂ ಹೂಂ ಅಂದರು. ನಿಮ್ಮೂರಿನ ಆ ಹುಡುಗ ಇದನ್ನು ಓದಿರಲಿಕ್ಕಿಲ್ಲ. ಆದರೆ ಅವನಿಗೆ ಕೆಲಸ ಕಲಿಸಿದವರಿಗೆ ಅದರ ಗುಟ್ಟು ಚೆನ್ನಾಗಿ ಗೊತ್ತು.

ಇನ್ನು ಉಪ್ಪಿಟ್ಟು. ಮೇಷ್ಟ್ರು ಹೇಳಿದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. "ಐದು ದಿನ ತಿಂದಿದ್ದೆ ಸಾರ್. ಕೈ ತೊಳ್ಕೊಂಡು ಬರಿಗೈಲಿ ಎದ್ದು ಬರೋದು ಹೇಗೆ?" ಉಂಡ ಮನೆಗೆ ಎರಡು ಬಗೆಯಬಾರದು ಅಂತ ಕೇಳಿಕೊಂಡು ಬೆಳೆದವರು ನಾವು. ಆ ಶಿಬಿರದವರು ನಿಮ್ಮ ತಂದೆಯ ದಡ್ಡತನದ ಮೇಲೆ ಗಾಳ ಹಾಕಲಿಲ್ಲ. ಅವರ ಸಂಕೋಚ, ಮರ್ಯಾದೆ, ಕೊಟ್ಟ ಮಾತಿಗೆ ನಿಲ್ಲುವ ಗುಣ, ಇವುಗಳ ಮೇಲೆ ಹಾಕಿದರು. ಋಣದ ಹಂಗಿಲ್ಲದವನು ಡಬ್ಬಿಯನ್ನೂ ತಗೊಂಡು ಉಪ್ಪಿಟ್ಟನ್ನೂ ತಿಂದು ನಾಲ್ಕನೇ ದಿನವೇ ಮಾಯವಾಗಿರುತ್ತಿದ್ದ. 'ಬುದ್ಧಿವಂತರು ಹೇಗೆ ಮೋಸ ಹೋದರು' ಅಂತ ಕೇಳಿದ್ದೀರಿ. ಬುದ್ಧಿ ಇದ್ದುದು ಒಂದು ಕಡೆ, ಅವರು ಕೈ ಹಾಕಿದ್ದು ಇನ್ನೊಂದು ಕಡೆ.

ಇನ್ನೊಂದು ಮಾತೂ ಬಂತು. ಹೇಳಲೋ ಬೇಡವೋ ಅಂತ ಯೋಚಿಸಿದೆ, ಹೇಳಿಬಿಡುತ್ತೇನೆ. ಆ ಹುಡುಗ ದಿನಾ ಬಾಗಿಲಲ್ಲೇ ಕಾಲಿಗೆ ನಮಸ್ಕಾರ ಮಾಡಿ, ತಿಂಡಿ ಆಯ್ತಾ ಅಪ್ಪಾಜಿ ಅಂತ ಕೇಳುತ್ತಿದ್ದನಂತೆ. "ಮನೇಲಿ ಯಾರು ಕೇಳ್ತಾರೆ ಬಿಡಿ" ಅಂದು ಮೇಷ್ಟ್ರು ನಕ್ಕರು. ಆ ನಗು ನನಗೆ ನಗುವಿನ ಹಾಗೆ ಕೇಳಿಸಲಿಲ್ಲ.

ಮಂಡಿ ನೋವು, ಸಕ್ಕರೆ ಕಾಯಿಲೆ ವಾಸಿಯಾಗುತ್ತೆ ಅಂತ ಆ ಹುಡುಗ ಹೇಳಿದನಾ ಎಂದು ಕೇಳಿದೆ. ಇಲ್ಲವಂತೆ. ಮೈಕು ಹಿಡಿದ ಒಬ್ಬ ಅಜ್ಜಿ ಹೇಳಿದರಂತೆ, 'ಶುಗರ್ ಮಾತ್ರೆ ಬಿಟ್ಟುಬಿಟ್ಟೆ' ಅಂತ. ಇದು ಜಾಣತನ. ಸಕ್ಕರೆ ಕಾಯಿಲೆ, ಬಿಪಿ ಮುಂತಾದ ರೋಗ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದಕ್ಕೆ 1954ರ ಕಾಯ್ದೆಯಲ್ಲೇ ನಿಷೇಧ ಇದೆ. ಹಾಗಾಗಿ ಆ ಮಾತು ಅವನ ಬಾಯಲ್ಲಿ ಬರುವುದಿಲ್ಲ, ಅಜ್ಜಿಯ ಬಾಯಲ್ಲಿ ಬರುತ್ತದೆ. ಆ ಅಜ್ಜಿ ಸುಳ್ಳು ಹೇಳಿದರು ಅಂತಲ್ಲ. ಅವರೂ ಎರಡನೇ ದಿನ ಅರ್ಧ ಕೈ ಎತ್ತಿದ್ದಿರಬೇಕು.

'ಡಾಕ್ಟರುಗಳೇ ಒಪ್ಪಿದ್ದಾರೆ' ಅನ್ನೋ ಬ್ಯಾನರ್ ಕೂಡ ಇತ್ತಂತೆ. ಇದರ ಹಿಂದೆ ಒಂದು ಕಥೆ ಇದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಬರ್ನೇಸ್ ಅಂತ ಒಬ್ಬ ಪ್ರಚಾರದ ನಿಪುಣ ಇದ್ದ. ಮನಶ್ಶಾಸ್ತ್ರಜ್ಞ ಫ್ರಾಯ್ಡ್‌ನ ಸೋದರಳಿಯ. ಒಂದು ಕಂಪನಿಗೆ ಹಂದಿ ಮಾಂಸದ ಬೇಕನ್ ಜಾಸ್ತಿ ಮಾರಬೇಕಿತ್ತು. ಬರ್ನೇಸ್ ಬೇಕನ್ ತಿನ್ನಿ ಅಂತ ಹೇಳಲೇ ಇಲ್ಲ. ಒಬ್ಬ ವೈದ್ಯರನ್ನು ಹಿಡಿದು, ಬೆಳಗಿನ ತಿಂಡಿ ಹಗುರವಾಗಿರುವುದು ಒಳ್ಳೆಯದೋ ಗಟ್ಟಿಯಾಗಿರುವುದು ಒಳ್ಳೆಯದೋ ಅಂತ ಸುಮಾರು 5,000 ವೈದ್ಯರಿಗೆ ಪತ್ರ ಬರೆಸಿದ. ಅವನೇ ಮುಂದೆ ಹೇಳಿಕೊಂಡ ಲೆಕ್ಕದಂತೆ 4,500 ಜನ ಗಟ್ಟಿ ತಿಂಡಿಗೆ ಸೈ ಅಂದರು. ಅದು ಪೇಪರುಗಳಲ್ಲಿ ಸುದ್ದಿಯಾಯಿತು, ಜೊತೆಜೊತೆಗೆ ಬೇಕನ್ ಮತ್ತು ಮೊಟ್ಟೆಯ ಹೆಸರು ಬಂತು. ಮಾರಾಟ ಏರಿತು. ಯಾವ ವೈದ್ಯರೂ ಸುಳ್ಳು ಹೇಳಿರಲಿಲ್ಲ. ಅವರನ್ನು ಕೇಳಿದ ಪ್ರಶ್ನೆಯೇ ಬೇರೆ ಇತ್ತು, ಅಷ್ಟೇ.

ಇದನ್ನು ಫೋನಿನಲ್ಲೇ ಹೇಳಿದೆ. ಮೇಷ್ಟ್ರು ತಟ್ಟನೆ, "ಉತ್ತರ ಮಾತ್ರ ಬರೆದರೆ ನಾನು ಮಾರ್ಕ್ಸ್ ಕೊಡ್ತಿರಲಿಲ್ಲ, ಹಂತ ತೋರಿಸು ಅಂತಿದ್ದೆ" ಅಂದರು. ಅದೇ ಅಲ್ವಾ. ಯಾವ ಡಾಕ್ಟರು, ಅವರನ್ನು ಏನಂತ ಕೇಳಿದಿರಿ, ಹಂತ ತೋರಿಸಿ.

ಪಟ್ಟಿ ಕೇಳಿದ್ದೀರಿ. ಅದು ಇಲ್ಲದೇ ಏನಿಲ್ಲ. 1937ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಚಾರ ವಿಶ್ಲೇಷಣೆಗೆ ಅಂತಲೇ ಒಂದು ಸಂಸ್ಥೆ ಶುರುವಾಗಿ, ಏಳು ತಂತ್ರಗಳ ಪಟ್ಟಿಯನ್ನು ಶಾಲೆಗಳಿಗೆ ಹಂಚಿತು. ಆಗದವರಿಗೆ ಕೆಟ್ಟ ಹೆಸರು ಅಂಟಿಸುವುದು, ಹೊಳೆಯುವ ದೊಡ್ಡ ಮಾತಾಡುವುದು, 'ನಾನೂ ನಿಮ್ಮ ಹಾಗೇ ಬಡವರ ಮನೆ ಹುಡುಗ' ಅನ್ನುವುದು, 'ಎಲ್ಲರೂ ತಗೊಂಡಾಯ್ತು, ನೀವೊಬ್ಬರೇ ಬಾಕಿ' ಅನ್ನುವುದು, ಹೀಗೆ. ಅಮೆರಿಕವೇ ಎರಡನೇ ಮಹಾಯುದ್ಧಕ್ಕೆ ಇಳಿದ ಮೇಲೆ, 1942ರಲ್ಲಿ, ಆ ಸಂಸ್ಥೆ ಬಾಗಿಲು ಹಾಕಿತು. ನಮ್ಮಲ್ಲೂ ಒಂದು ಪಟ್ಟಿ ಇದೆ. ಆನ್‌ಲೈನ್ ಅಂಗಡಿ, ಆ್ಯಪ್‌ಗಳ ಕುತಂತ್ರದ್ದು. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ 13 ಬಗೆ ಹೆಸರಿಸಿ ನಿಷೇಧಿಸಿತು. 'ಇನ್ನು ಎರಡೇ ಉಳಿದಿವೆ' ಅಂತ ಸುಳ್ಳು ಅವಸರ ಹುಟ್ಟಿಸುವುದು, ನೀವು ಕೇಳದೇ ಇದ್ದ ವಿಮೆಯನ್ನೋ ದಾನವನ್ನೋ ಬಿಲ್ಲಿಗೆ ಸೇರಿಸುವುದು, 'ಬೇಡ, ನನಗೆ ಉಳಿತಾಯ ಇಷ್ಟವಿಲ್ಲ' ಅನ್ನೋ ಗುಂಡಿ ಒತ್ತಿಸಿ ನಾಚಿಕೆಪಡಿಸುವುದು, ಎಲ್ಲ ಅದರಲ್ಲಿವೆ.

ಪಟ್ಟಿಯ ತೊಂದರೆ ಏನೆಂದರೆ, ಅದು ಬೇರೆಯವರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ನಮಗೆ ಹಿತವಾದ ಸುಳ್ಳು ಬಂದಾಗ ಯಾರೂ ಗೋಡೆ ನೋಡುವುದಿಲ್ಲ. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠ ಅಂತ ಯುನೆಸ್ಕೋ ಸಾರಿದೆ ಅನ್ನೋ ಮೆಸೇಜು ನಿಮಗೂ ಬಂದಿರುತ್ತೆ. ಯುನೆಸ್ಕೋ ಅಂಥದ್ದೇನೂ ಸಾರಿಲ್ಲ. ಇನ್ನೊಂದು ಹೇಳುತ್ತೇನೆ. ಸುಳ್ಳನ್ನು ನೂರು ಸಲ ಹೇಳಿದರೆ ನಿಜವಾಗುತ್ತೆ ಅಂತ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಹೇಳಿದ್ದ, ಅಲ್ವಾ? ಅವನು ಹಾಗೆ ಹೇಳಿದ್ದಕ್ಕೆ ಗಟ್ಟಿ ದಾಖಲೆ ಸಿಕ್ಕಿಲ್ಲ. ನೂರು ಸಲ ಕೇಳಿ ನಂಬಿದ್ದೇವೆ. ನಾನೇ ಈ ಪುಟದಲ್ಲಿ ಒಮ್ಮೆ ಬರೆದಿದ್ದೆ.

ತಪ್ಪೊಪ್ಪಿಗೆ ಶುರುವಾದ ಮೇಲೆ ಪೂರ್ತಿ ಮಾಡಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಪತ್ರಿಕೆಯಲ್ಲಿ ಒಂದು ತಲೆಗೂದಲ ಎಣ್ಣೆಯ ಜಾಹೀರಾತು ಹಾಕಿದ್ದೆವು, ಲೇಖನದ ಹಾಗೆ ಕಾಣುವಂಥದ್ದು. ಅದೇ ಅಕ್ಷರ, ಅದೇ ಮೂರು ಕಾಲಂ. ಮೂಲೆಯಲ್ಲಿ 'ಜಾಹೀರಾತು' ಅಂತ ಸಣ್ಣಕ್ಷರ. ಒಬ್ಬ ಅಮ್ಮ ಫೋನ್ ಮಾಡಿ, "ನೀವು ಬರೆದ ಎಣ್ಣೆ ಎಲ್ಲಿ ಸಿಗುತ್ತೆ?" ಅಂದರು. ನಾವು ಬರೆದದ್ದಲ್ಲ ಅಂದೆ. "ನಿಮ್ಮ ಪುಸ್ತಕದಲ್ಲೇ ಇದೆಯಲ್ಲಪ್ಪ" ಅಂದರು. ಆಮೇಲೆ ಆ ಪದವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇವೆ. ಜಾಹೀರಾತು ನಿಲ್ಲಿಸಿಲ್ಲ. ಕಾಗದದ ದುಡ್ಡು ಅದರಿಂದಲೇ ಬರಬೇಕು.

ಹಾಗಂತ ಮನವೊಲಿಸುವುದೆಲ್ಲ ಮೋಸವಲ್ಲ. ನಮ್ಮ ಬೀದಿಯ ಸೀಬೆಹಣ್ಣಿನವನು ಒಂದು ಹೋಳು ಕುಯ್ದು, ಉಪ್ಪುಖಾರ ಹಚ್ಚಿ ಕೈಗಿಡುತ್ತಾನೆ. ಅದೂ ಬಿಟ್ಟಿಯೇ. ಆದರೆ ರೇಟು ಮೊದಲೇ ರಟ್ಟಿನ ಮೇಲೆ ಬರೆದಿರುತ್ತದೆ, ಹಣ್ಣು ಹುಳಿ ಅಂತ ಮುಂದೆ ಹೋದರೆ ಅಡ್ಡ ಬರುವುದಿಲ್ಲ. ಆಷಾಢದ ಸೇಲೂ ಅಷ್ಟೇ. ಮದುವೆ ಮುಂಜಿ ಇಲ್ಲದ ತಿಂಗಳು, ಸೀರೆ ಕೊಳ್ಳುವವರಿಲ್ಲ, ಅದಕ್ಕೆ ರೇಟು ಇಳಿಸುತ್ತಾರೆ. ಕಾರಣ ಕಣ್ಣಿಗೆ ಕಾಣುತ್ತದೆ. ಈ ಶಿಬಿರದಲ್ಲಿ ರೇಟು ಬಂದದ್ದು ಐದನೇ ದಿನ. 65,000 ಅಂತ ಬರೆದು ಗೀಟು ಹಾಕಿ 48,000. ಅದೂ ಮೊದಲ 20 ಜನಕ್ಕೆ ಮಾತ್ರ. ಮೇಷ್ಟ್ರು ಹದಿನೇಳನೆಯವರಂತೆ. ಎದ್ದು ಮನೆಗೆ ಬಂದು ಮಗಳನ್ನು ಒಂದು ಮಾತು ಕೇಳುವಷ್ಟು ಹೊತ್ತನ್ನೇ ಅವರಿಗೆ ಬಿಡಲಿಲ್ಲ.

ಫೋನ್ ಇಡುವ ಮೊದಲು ಮೇಷ್ಟ್ರೇ ಒಂದು ಬಾಯಿಲೆಕ್ಕ ಮಾಡಿದರು. ಉಪ್ಪಿಟ್ಟು 30, ಕಾಫಿ 15, ಐದು ದಿನಕ್ಕೆ 225. ಡಬ್ಬಿ 80 ಇರಬಹುದು. ಒಟ್ಟು 305. "ಮುನ್ನೂರೈದು ರೂಪಾಯಿ ಋಣ ತೀರಿಸೋಕೆ ನಲವತ್ತೆಂಟು ಸಾವಿರ ಕೊಟ್ಟೆ ನೋಡಿ" ಅಂದರು. ಈ ಸಲ ನಿಜವಾಗಿ ನಕ್ಕರು.

ಹಾಗಾಗಿ ಗೋಡೆ ಖಾಲಿಯೇ ಇರಲಿ. ಮನೆಯಲ್ಲಿ ಬಿಲ್ ಹುಡುಕಿ. ಬಿಲ್ ಇಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್ಕಿನ ನಮೂದು, ಶಿಬಿರದ ಕರಪತ್ರ, ಹಾಸಿಗೆಗೆ ಅಂಟಿಸಿದ ಚೀಟಿ, ಏನಿದ್ದರೂ ಫೋಟೊ ತೆಗೆದಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಆ ಅಜ್ಜಿ ಯಾರು ಅಂತ ಮೇಷ್ಟ್ರಿಗೆ ಗೊತ್ತಿದ್ದರೆ, ಇವತ್ತೇ ಅವರ ಮನೆಗೆ ಹೋಗಿ ಶುಗರ್ ಮಾತ್ರೆ ಮತ್ತೆ ಶುರು ಮಾಡಿದ್ದಾರಾ ಅಂತ ಕೇಳಿ. ಇಲ್ಲದಿದ್ದರೆ ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಾಸಿಗೆಗಿಂತ ಅದು ಅವಸರದ್ದು.