ಗೆಳೆಯರ ಜೊತೆ ರೈಡ್ ಹೋದರೆ ಕೈ ಜೋಮು ಹಿಡಿಯುತ್ತೆ, ಯಾಕೆ?

ಪ್ರಶ್ನೆ: ಬೈಕ್ ಓಡಿಸೋದು ಕಲಿತು ಕೆಲವೇ ತಿಂಗಳಾಯಿತು. ಒಬ್ಬನೇ ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ ಹೋದರೆ ಖುಷಿಯಾಗುತ್ತದೆ. ಆದರೆ ರಜೆ ದಿನ ಗೆಳೆಯರ ಜೊತೆ ಹೊರಟರೆ ಭುಜ ನೋವು, ಅಂಗೈ ಜೋಮು, ತಿರುವು ಬಂದರೆ ಭಯ. ಎಲ್ಲರೂ ಹೇಳುವ ಮಜಾ ನನಗೆ ಯಾಕೆ ಸಿಗ್ತಿಲ್ಲ?

ಉತ್ತರ: ಒಬ್ಬರೇ ಹೋದಾಗ ಸಿಗ್ತಿದೆಯಲ್ಲ, ಅದೇ ಮಜಾ. ಗುಂಪಿನಲ್ಲಿ ಹೋದಾಗ ನೀವು ನಿಮ್ಮ ವೇಗ ಬಿಟ್ಟು ಬೇರೆಯವರ ವೇಗ ಹಿಡಿಯುತ್ತೀರಿ, ತೊಂದರೆ ಶುರುವಾಗೋದು ಅಲ್ಲಿಂದ.

ಮೊದಲು ಕೈ ವಿಷಯ. ಭಯವಾದಾಗ ಹ್ಯಾಂಡಲ್ ಬಿಗಿಯಾಗಿ ಹಿಡಿಯೋದು ಸಹಜ, ಆದರೆ ಓಡುತ್ತಿರುವ ಬೈಕ್ ತನ್ನ ಪಾಡಿಗೆ ತಾನು ನೆಟ್ಟಗೆ ಹೋಗುತ್ತದೆ, ಅದಕ್ಕೆ ಹ್ಯಾಂಡಲ್ ಒಂಚೂರು ಆಚೀಚೆ ಆಡಬೇಕು, ನೀವು ಅದನ್ನೇ ಕಟ್ಟಿಹಾಕಿದರೆ ಎಂಜಿನ್ನಿನ ನಡುಕವೆಲ್ಲ ಅಂಗೈಗೆ, ಅಲ್ಲಿಂದ ಭುಜಕ್ಕೆ ಬರುತ್ತದೆ. ಮಂಡಿಗಳಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ. ಮೈಭಾರ ಕೈ ಮೇಲೆ ಬೀಳಬಾರದು. ನೇರ ರಸ್ತೆಯಲ್ಲಿ ಆಗಾಗ ಮೊಣಕೈ ಸ್ವಲ್ಪ ಅಲ್ಲಾಡಿಸಿ ನೋಡಿ. ಸಲೀಸಾಗಿ ಆಡದಿದ್ದರೆ ಮತ್ತೆ ಬಿಗಿ ಹಿಡಿದಿದ್ದೀರಿ ಅಂತ. ಆಗ ವೇಗ ಇಳಿಸಿ. ನಿಮ್ಮ ವೇಗ ಸರಿಯಿದೆಯಾ ಅಂತ ಮೀಟರಿಗಿಂತ ಚೆನ್ನಾಗಿ ಮೊಣಕೈ ಹೇಳುತ್ತದೆ.

ತಿರುವಿನ ಭಯಕ್ಕೆ ಕಾರಣ ಹೆಚ್ಚಾಗಿ ಕಣ್ಣು. ಬೈಕ್ ನೀವು ನೋಡಿದ ಕಡೆಗೇ ಹೋಗುತ್ತದೆ. ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಇಳಿಯುತ್ತೀರಿ. ತಿರುವು ಶುರುವಾಗುವ ಮುಂಚೆಯೇ ಬ್ರೇಕ್ ಹಿಡಿದು, ಗೇರ್ ಇಳಿಸಿ ಮುಗಿಸಿ. ಆಮೇಲೆ ಗಲ್ಲ ತಿರುಗಿಸಿ ರಸ್ತೆ ಕಣ್ಣಿಗೆ ಕಾಣುವಷ್ಟು ದೂರ ನೋಡಿ, ಆಕ್ಸಿಲರೇಟರ್ ಸ್ವಲ್ಪವೇ ಕೊಟ್ಟು ಹಾಗೇ ಹಿಡಿದಿರಿ. ಬಲಕ್ಕೆ ತಿರುಗಬೇಕಾದರೆ ಬಲಗೈಯ ಹಿಡಿಯನ್ನು ಮುಂದಕ್ಕೆ ಮೆಲ್ಲಗೆ ಒತ್ತಬೇಕು! ಕೇಳಲು ಉಲ್ಟಾ ಅನಿಸುತ್ತದೆ, ಆದರೆ ತೀರಾ ನಿಧಾನ ಹೋಗುವಾಗಿನ ಮಾತು ಬೇರೆ, ಉಳಿದಂತೆ ಬೈಕ್ ಬಲಕ್ಕೆ ವಾಲೋದು ಹಾಗೆಯೇ. ಖಾಲಿ ರಸ್ತೆಯಲ್ಲಿ ಒಂದೆರಡು ಸಲ ಒತ್ತಿ ನೋಡಿ, ಕೈಗೇ ತಿಳಿಯುತ್ತದೆ.

ಈಗ ಗೆಳೆಯರು. ಅವರ ಹಿಂದೆ ಹೋಗುವಾಗ ನೀವು ನೋಡುವುದು ರಸ್ತೆಯನ್ನಲ್ಲ, ಮುಂದಿನ ಬೈಕಿನ ಕೆಂಪು ದೀಪವನ್ನು, ಅಲ್ವಾ? 60ರಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟಿರುತ್ತೀರಿ. ಕನಿಷ್ಠ 2 ಸೆಕೆಂಡ್ ಅಂತರ ಬೇಕು, ಅಂದರೆ 33 ಮೀಟರಿಗೂ ಜಾಸ್ತಿ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ನಾಲ್ಕರಷ್ಟು ದೂರ ಬೇಕು. ಹಾಗಾಗಿ ಹಿಂದೆ ಉಳಿದುಬಿಟ್ಟೆ ಅಂತ ರೇಸ್ ಮಾಡಿ ಹಿಡಿಯಲು ಹೋಗಬೇಡಿ. ಹೊರಡುವ ಮುಂಚೆಯೇ ನೇರವಾಗಿ ಹೇಳಿ: "ನಾನು ನನ್ನ ವೇಗದಲ್ಲಿ ಬರ್ತೀನಿ, ದಾರಿ ಕವಲಾಗೋ ಕಡೆ ಕಾಯ್ತಿರಿ." ಕಾಯೋಕೆ ಆಗಲ್ಲ ಅನ್ನುವವರ ಜೊತೆ ಸದ್ಯಕ್ಕೆ ಹೋಗದಿರುವುದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಆರಾಮಾಗಿ ಹೋಗೋಕೆ ರಸ್ತೆ ಆರಿಸಿಕೊಳ್ಳುವುದೂ ಮುಖ್ಯ. ಎಲ್ಲರೂ 100ರಲ್ಲಿ ಹೋಗುವ ಹೆದ್ದಾರಿಯಲ್ಲಿ 50ರಲ್ಲಿ ಹೋದರೆ ಆರಾಮಿಲ್ಲ, ಅಪಾಯ. ಸಣ್ಣ ರಸ್ತೆ ಹಿಡಿಯಿರಿ. ಸುಮ್ನೆ ಟಾಪ್ ಗೇರಿನಲ್ಲಿ ಎಂಜಿನ್ ಒದ್ದಾಡಿಸಬೇಡಿ, ಒಂದು ಗೇರ್ ಇಳಿಸಿದರೆ ಬೈಕ್ ಹಗುರವಾಗುತ್ತದೆ. ಸುಸ್ತಾಗುವ ಮುಂಚೆಯೇ, ಗಂಟೆಗೊಮ್ಮೆಯಾದರೂ, ಇಳಿದು ಹೆಲ್ಮೆಟ್ ತೆಗೆದು ನಾಲ್ಕು ಹೆಜ್ಜೆ ನಡೆಯಿರಿ.

ಇಷ್ಟು ಮಾಡಿದರೂ ಜೋಮು ಹೋಗದಿದ್ದರೆ ಕ್ಲಚ್ ಮತ್ತು ಬ್ರೇಕ್ ಲಿವರ್ ನೋಡಿ. ಸೀಟಿನಲ್ಲಿ ಕೂತು ಬೆರಳು ಚಾಚಿದಾಗ ಮೊಣಕೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಇರಬೇಕು. ಲಿವರ್ ಮೇಲೆದ್ದಿದ್ದರೆ ಮಣಿಕಟ್ಟು ಇಡೀ ದಾರಿ ಮಡಚಿಕೊಂಡೇ ಇರುತ್ತದೆ. ಮೆಕ್ಯಾನಿಕ್ ಹತ್ತಿರ ಹೇಳಿದರೆ ಬೋಲ್ಟ್ ಸಡಿಲಿಸಿ ಐದೇ ನಿಮಿಷದಲ್ಲಿ ಸರಿ ಮಾಡಿಕೊಡುತ್ತಾರೆ. ಬೈಕಿನಿಂದ ಇಳಿದು ಎಷ್ಟೋ ಹೊತ್ತಾದರೂ ಜೋಮು ಬಿಡದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.