ಪಟ್ಟಿ ಬೇಡ, ಒಂದು ಕೀರ್ತನೆ ಸಾಕು

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ, ಕ್ರಿಸ್ತನಲ್ಲಿ ವಂದನೆಗಳು. ನಾನು ಗದಗ-ಬೆಟಗೇರಿಯಲ್ಲಿ ಹುಟ್ಟಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಓದಲು ಬಾರದ ನಮ್ಮ ಅಜ್ಜಿಗೆ ಸತ್ಯವೇದದ, ಅಂದರೆ ಬೈಬಲಿನ, ಎಷ್ಟೋ ಕೀರ್ತನೆಗಳು ಬಾಯಿಗೆ ಬರುತ್ತಿದ್ದವು. ಸಂಡೇ ಸ್ಕೂಲಿನಲ್ಲಿ ನಾನೂ ವಾಕ್ಯ ಹೇಳಿ ಬಹುಮಾನ ತಗೊಂಡವಳೇ. ಈಗ ಐವತ್ತು ದಾಟಿದ ಮೇಲೆ ಬೆಳಿಗ್ಗೆ ಕಲಿತದ್ದು ಸಂಜೆಗೆ ಇರುವುದಿಲ್ಲ. ಘಾಟ್ಕೋಪರ್‌ವರೆಗೆ ಲೋಕಲ್‌ನಲ್ಲಿ ಹೋಗುವಾಗ ಮೊಬೈಲ್‌ನಲ್ಲಿ ವಾಕ್ಯ ನೋಡುತ್ತೇನೆ, ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅಧ್ಯಾಯ, ವಚನದ ಸಂಖ್ಯೆಗಳಂತೂ ಪೂರ್ತಿ ಮರೆತೇ ಹೋಗುತ್ತವೆ. ಬರೀ ಬಾಯಿಪಾಠ ಗಿಳಿಪಾಠ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಧ್ಯಾನ ಮಾಡೋಣವೆಂದರೆ, ಮನಸ್ಸು ಖಾಲಿ ಮಾಡುವುದು ಅಪಾಯ, ಅದು ನಮ್ಮ ಪದ್ಧತಿಯಲ್ಲ ಎಂದು ಪ್ರಾರ್ಥನಾ ಕೂಟದ ಅಕ್ಕ ಒಬ್ಬರು ಎಚ್ಚರಿಸಿದರು. ಮಗಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ದಯಮಾಡಿ ಪತ್ರಿಕೆಯಲ್ಲಿ ನೂರು ಮುಖ್ಯ ವಾಕ್ಯಗಳ ಪಟ್ಟಿ ಕೊಡಿ. ದಿನಕ್ಕೊಂದರಂತೆ ತಾಯಿ-ಮಗಳು ಕಲಿಯುತ್ತೇವೆ.

— ಓದುಗ ಸಹೋದರಿ, ಡೊಂಬಿವಲಿ ಪೂರ್ವ

ಸಂಪಾದಕರ ಉತ್ತರ

ಪ್ರಿಯ ಸಹೋದರಿಯವರೇ,

ನೀವು ಕೇಳಿದ ಪಟ್ಟಿಯನ್ನು ನಾನು ಕೊಡುವುದಿಲ್ಲ. ಕೊಡುವುದು ಸುಲಭ, ಅರ್ಧ ಪುಟದಲ್ಲಿ ಮುಗಿಯುತ್ತದೆ. ಆದರೆ ಬಿಡಿಬಿಡಿಯಾಗಿ ಕಿತ್ತ ನೂರು ವಾಕ್ಯಗಳಿಗಿಂತ, ಮೊದಲಿನಿಂದ ಕೊನೆಯವರೆಗೆ ನಿಮ್ಮದಾಗುವ ಒಂದೇ ಕೀರ್ತನೆ ಹೆಚ್ಚು ಎಂದು ನಾನು ನಂಬಿದ್ದೇನೆ.

ಯೆರೆಮೀಯ 29:11 ನಮ್ಮ ಎಷ್ಟು ಮನೆಗಳ ಕ್ಯಾಲೆಂಡರಿನಲ್ಲಿದೆ! ದೇವರು ನಮ್ಮ ಕುರಿತು ಮಾಡಿಕೊಂಡಿರುವ ಆಲೋಚನೆ ಅಹಿತದ್ದಲ್ಲ, ಹಿತದ್ದು ಎನ್ನುವ ಮಾತು. ಪರೀಕ್ಷೆಗೆ ಹೋಗುವ ಮಕ್ಕಳಿಗೆ, ಹೊಸ ನೌಕರಿಗೆ ಸೇರುವವರಿಗೆ ಅದನ್ನೇ ಬರೆದುಕೊಡುತ್ತೇವೆ. ಅದು ಯಾರಿಗೆ ಹೋದ ಪತ್ರ? ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದ ಯೆಹೂದ್ಯರಿಗೆ. ಹಿಂದಿನ ವಚನ, ಅಂದರೆ ಹತ್ತನೆಯದು, 70 ವರ್ಷ ಕಾಯಬೇಕು ಎನ್ನುತ್ತದೆ. ಐದನೆಯದು ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ ಎನ್ನುತ್ತದೆ. ಏಳನೆಯದು, ನೀವು ಹೋಗಿ ಸೇರಿದ ಪಟ್ಟಣದ ಕ್ಷೇಮವನ್ನು ಹುಡುಕಿರಿ, ಅದಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎನ್ನುತ್ತದೆ. ಊರು ಬಿಟ್ಟು ಹೊಟ್ಟೆಪಾಡಿಗೆ ಮುಂಬೈ ಸೇರಿದ ಕನ್ನಡಿಗರಾದ ನಮಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಇದೆಯೇ? ನಮ್ಮನ್ನು ಯಾರೂ ಸೆರೆ ಹಿಡಿದು ತರಲಿಲ್ಲ, ನಿಜ. ಆದರೂ ಡೊಂಬಿವಲಿಯಲ್ಲಿ ಕೂತು ಊರಿನ ಕಡೆಗೇ ಮುಖ ಮಾಡಿಕೊಂಡಿರುವವರು ನಮ್ಮಲ್ಲಿ ಎಷ್ಟು ಮಂದಿ! ಈ ಊರಿಗಾಗಿ, ಇಲ್ಲಿನ ನೀರು, ರಸ್ತೆ, ಆಸ್ಪತ್ರೆಗಳಿಗಾಗಿ ನಾವು ಎಷ್ಟು ಸಲ ಮೊಣಕಾಲೂರಿದ್ದೇವೆ? ಹನ್ನೊಂದನೆಯದನ್ನು ಮಾತ್ರ ಕಂಠಪಾಠ ಮಾಡಿದವರಿಗೆ ಏಳನೆಯದು ಎಂದೂ ಸಿಕ್ಕುವುದಿಲ್ಲ.

ಫಿಲಿಪ್ಪಿಯವರಿಗೆ ಬರೆದ ಪತ್ರದ 4:13ರ ಗತಿಯೂ ಇದೇ. ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದು ಪೌಲನು ಬರೆದದ್ದು ಸೆರೆಮನೆಯಿಂದ. ಅದರ ಹಿಂದಿನ ಎರಡು ವಚನಗಳಲ್ಲಿರುವುದು ಹಸಿವು, ಕೊರತೆ, ಇದ್ದುದರಲ್ಲಿ ತೃಪ್ತನಾಗಿರಲು ಕಲಿತ ಸಂಗತಿ. ಇನ್ನೊಂದು ವಿಷಯ ನನಗೆ ಯಾವಾಗಲೂ ಎಚ್ಚರ ಕೊಡುತ್ತದೆ. ಮತ್ತಾಯ 4ರಲ್ಲಿ ಯೇಸುಸ್ವಾಮಿ ಅಡವಿಯಲ್ಲಿ ತಮ್ಮನ್ನು ಪರೀಕ್ಷಿಸಲು ಬಂದ ಶೋಧಕನಿಗೆ, ಅಂದರೆ ಸೈತಾನನಿಗೆ, ಮೂರು ಸಲವೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳಿಂದಲೇ ಉತ್ತರ ಕೊಟ್ಟರು. ಅಲ್ಲಿ ಅವರ ಕೈಯಲ್ಲಿ ಸುರುಳಿ ಇರಲಿಲ್ಲ, ಎದೆಯೊಳಗೆ ಇತ್ತು. ಆದರೆ ಶೋಧಕನಿಗೂ ವಾಕ್ಯ ಬಾಯಿಗೆ ಬರುತ್ತಿತ್ತು! 91ನೇ ಕೀರ್ತನೆಯಿಂದ ತನಗೆ ಬೇಕಾದಷ್ಟನ್ನು ಕಿತ್ತು ಹೇಳಿದ. ಬಾಯಿಪಾಠವಾಗಿದೆ ಎಂಬುದೊಂದೇ ಸಾಲದು ಎನ್ನಲು ಬೇರೆ ಸಾಕ್ಷಿ ಬೇಡ.

ಹಾಗೆಂದು ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪುವುದಿಲ್ಲ. ಬಾಯಿಪಾಠ ಮಾಡಿದವರ ಬುದ್ಧಿ ಮಂಕಾಗುತ್ತದೆ ಎನ್ನುವವರಿಗೆ ಪಂಡಿತಾ ರಮಾಬಾಯಿಯವರನ್ನು ತೋರಿಸಬೇಕು. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಾಯಿ ಲಕ್ಷ್ಮೀಬಾಯಿ ಬಾಯಿಂದ ಬಾಯಿಗೆ ಸಂಸ್ಕೃತ ಕಲಿಸಿದರು. ಚಿಕ್ಕ ವಯಸ್ಸಿನಲ್ಲೇ ಪುರಾಣಗಳ ಸಾವಿರಾರು ಶ್ಲೋಕಗಳು ಅವರಿಗೆ ಕಂಠಸ್ಥವಾಗಿದ್ದವು. ಆ ಹೆಣ್ಣುಮಗಳು ಮುಂದೆ ತನ್ನ ಕಾಲದ ಪಂಡಿತರನ್ನೂ ಬಿಷಪ್ಪರನ್ನೂ ಒಂದೇ ಧೈರ್ಯದಿಂದ ಪ್ರಶ್ನಿಸಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು, ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಮುಕ್ತಿ ಮಿಷನ್ ಕಟ್ಟಿದರು, 1922ರಲ್ಲಿ ತೀರಿಕೊಳ್ಳುವ ಮುನ್ನ ಇಡೀ ಸತ್ಯವೇದವನ್ನು ಮೂಲ ಭಾಷೆಗಳಿಂದ ಮರಾಠಿಗೆ ತಂದರು. ಕಂಠಪಾಠ ಅವರ ವಿಚಾರಶಕ್ತಿಯನ್ನು ಕಟ್ಟಿಹಾಕಲಿಲ್ಲ. ವಿಚಾರ ಮಾಡಲು ಒಳಗೆ ಸಾಮಗ್ರಿ ಇರಬೇಕಲ್ಲ, ಅದನ್ನು ಒದಗಿಸಿತು.

ಈಗ ನಿಮ್ಮ ಮರೆವಿನ ವಿಷಯ. ಮೊಬೈಲ್‌ನಲ್ಲಿ ವಾಕ್ಯ "ನೋಡುತ್ತೇನೆ" ಎಂದು ಬರೆದಿದ್ದೀರಿ. ತೊಡಕು ವಯಸ್ಸಿನಲ್ಲಿ ಇರುವುದಕ್ಕಿಂತ ಅಲ್ಲೇ ಹೆಚ್ಚು ಇದೆ ಎಂದು ನನಗನ್ನಿಸುತ್ತದೆ. ಎಷ್ಟು ಸಲ ನೋಡಿದರೂ ಕಣ್ಣಿಗೆ ಪರಿಚಯವಾಗುತ್ತದೆಯೇ ಹೊರತು ಬಾಯಿಗೆ ಬರುವುದಿಲ್ಲ. ಒಂದು ವಚನವನ್ನು ಎರಡು ಮೂರು ಸಲ ಗಟ್ಟಿಯಾಗಿ ಓದಿ, ಫೋನನ್ನು ಪರ್ಸಿಗೆ ಹಾಕಿ, ನೋಡದೆ ಹೇಳಲು ಹೆಣಗಿ. ಆ ಹೆಣಗಾಟವೇ ಕಲಿಕೆ. ತಡವರಿಸಿದರೆ ತಕ್ಷಣ ತೆರೆಯಬೇಡಿ, ಒಂದು ಕ್ಷಣ ಹುಡುಕಿ ನೋಡಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡು ಮರೆವಿನ ಬಗ್ಗೆ 1885ರಲ್ಲಿ ಪುಸ್ತಕ ಪ್ರಕಟಿಸಿದರು. ಕಲಿತ ಮೊದಲ ಗಂಟೆಗಳಲ್ಲೇ ಮರೆವು ಅತಿ ಹೆಚ್ಚು, ಆಮೇಲೆ ನಿಧಾನವಾಗುತ್ತದೆ ಎಂದು ಅವರು ಕಂಡುಕೊಂಡರು. ಒಂದೇ ಕೂತಿಗೆ ಉರುಹೊಡೆಯುವುದಕ್ಕಿಂತ ಹಲವು ದಿನಗಳಿಗೆ ಹಂಚಿಕೊಂಡು ಹೇಳಿಕೊಳ್ಳುವುದು ಲೇಸು ಎಂದೂ ತೋರಿಸಿದರು. ಹಾಗಾಗಿ ಬೆಳಿಗ್ಗೆ ಕಲಿತದ್ದು ಸಂಜೆಗೆ ಮಾಸುವುದು ನಿಮ್ಮೊಬ್ಬರ ದೋಷವಲ್ಲ, ಎಲ್ಲ ಮನುಷ್ಯರ ಸ್ವಭಾವ. ಸಂಜೆ ಒಮ್ಮೆ, ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ವಾರದ ಮೇಲೆ ಒಮ್ಮೆ ಹೇಳಿಕೊಳ್ಳಿ. ಅದೇ ವಿದ್ವಾಂಸರು ಇನ್ನೊಂದನ್ನೂ ಕಂಡರು: ಅರ್ಥವಿಲ್ಲದ ಅಕ್ಷರಗಳನ್ನು ಕಲಿಯುವುದಕ್ಕೆ ಹೋಲಿಸಿದರೆ ಅರ್ಥವುಳ್ಳ ಪದ್ಯಕ್ಕೆ ಬೇಕಾದ ಶ್ರಮ ಸುಮಾರು ಹತ್ತನೇ ಒಂದು ಪಾಲು. ತಿಳಿದು ಕಲಿತರೆ ಗಿಳಿಪಾಠವಾಗುವುದಿಲ್ಲ, ಹಗುರವೂ ಆಗುತ್ತದೆ.

ಬರೆಯುವ ಅಭ್ಯಾಸವಿದ್ದರೆ ಪ್ರತಿ ಪದದ ಮೊದಲ ಅಕ್ಷರವನ್ನಷ್ಟೇ ಚೀಟಿಯಲ್ಲಿ ಬರೆದುಕೊಳ್ಳಿ. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂಬುದು ಯೆ, ನ, ಕು, ಕೊ ಆಗುತ್ತದೆ. ಪೂರ್ತಿ ಬರೆದುಕೊಂಡರೆ ಕಣ್ಣು ಓದಿಬಿಡುತ್ತದೆ. ಅಕ್ಷರವಷ್ಟೇ ಇದ್ದರೆ ನೆನಪು ಕೆಲಸ ಮಾಡಲೇಬೇಕು. ಜೊತೆಗೆ, ಮನೆಯಲ್ಲಿ ಹಳೆಯ ಸತ್ಯವೇದ, ಫೋನಿನಲ್ಲಿ ಹೊಸ ಭಾಷಾಂತರ ಎಂದು ಎರಡನ್ನು ಬೆರೆಸಬೇಡಿ. ಯಾವುದನ್ನಾದರೂ ಒಂದನ್ನು ಹಿಡಿಯಿರಿ. ಸಂಖ್ಯೆ ಮರೆತರೆ ಮರೆಯಲಿ. ಹೊಸ ಒಡಂಬಡಿಕೆಯ ವಚನಗಳಿಗೆ ಇಂದಿನ ಸಂಖ್ಯೆಗಳು ಬಂದದ್ದೇ 1551ರಲ್ಲಿ, ರೊಬೇರ್ ಎತಿಯೆನ್ ಎಂಬ ಮುದ್ರಕರಿಂದ. ಇಬ್ರಿಯರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಆ ಲೇಖಕನು ಎಂಟನೇ ಕೀರ್ತನೆಯನ್ನು ಉಲ್ಲೇಖಿಸುವಾಗ, ಒಬ್ಬನು ಎಲ್ಲೋ ಒಂದು ಕಡೆ ಹೀಗೆ ಹೇಳಿದ್ದಾನೆ ಎಂದಷ್ಟೇ ಬರೆದು ಮುಂದೆ ಹೋಗುತ್ತಾನೆ.

ನಿಮ್ಮ ಲೋಕಲ್ ಪ್ರಯಾಣವನ್ನೇ ಬಳಸಿಕೊಳ್ಳಿ. 23ನೇ ಕೀರ್ತನೆಗೆ ಆರು ವಚನ. ಸ್ಲೋ ಗಾಡಿಯಲ್ಲಿ ಡೊಂಬಿವಲಿಯಿಂದ ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ, ಮುಲುಂಡ್ ಎಂದು ಆರು ಹಾದಿ. ಒಂದೊಂದು ನಿಲ್ದಾಣದ ನಡುವೆ ಒಂದೊಂದು ವಚನ ಇಟ್ಟುಕೊಳ್ಳಿ. ಹಳೆಯ ರೋಮಿನ ವಾಗ್ಮಿಗಳು ಹೇಳಬೇಕಾದ್ದನ್ನು ಹೀಗೆಯೇ ಸ್ಥಳಗಳಿಗೆ ಜೋಡಿಸಿ ನೆನಪಿಡುತ್ತಿದ್ದರು. ಕೆಲವು ದಿನಗಳಲ್ಲಿ ಕಳವಾ ಬೋರ್ಡು ಕಂಡ ಕೂಡಲೇ ಐದನೆಯ ವಚನ ತಾನಾಗಿ ಏಳುತ್ತದೆ. ಮುಲುಂಡ್ ದಾಟಿದ ಮೇಲೆ ಹೊಸದೇನೂ ಬೇಡ. ಆ ಆರರಲ್ಲಿ ಒಂದನ್ನು ಹಿಡಿದು ಘಾಟ್ಕೋಪರ್‌ವರೆಗೆ ಅದರೊಡನೆ ಇರಿ. ನಾನು ಧ್ಯಾನ ಎನ್ನುವುದು ಇದಕ್ಕೇ.

ನಿಮ್ಮ ಕೂಟದ ಅಕ್ಕನವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸತ್ಯವೇದ ಹೇಳುವ ಧ್ಯಾನದಲ್ಲಿ ಮನಸ್ಸು ಖಾಲಿಯಾಗುವುದಿಲ್ಲ, ತುಂಬುತ್ತದೆ. ಮೊದಲನೇ ಕೀರ್ತನೆಯ ಧನ್ಯನು ಹಗಲಿರುಳು ಧ್ಯಾನಿಸುವುದು ದೇವರ ಧರ್ಮಶಾಸ್ತ್ರವನ್ನು. ಯೆಹೋಶುವನಿಗೆ ಯೊರ್ದನ್ ದಾಟುವ ಮೊದಲು ಬಂದ ಅಪ್ಪಣೆಯೂ ಅದೇ. ಕುರುಬರು ಹೇಳಿಹೋದ ಮಾತುಗಳನ್ನು ಮರಿಯಳು ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸುತ್ತಿದ್ದಳು ಎಂದು ಲೂಕನು ಬರೆಯುತ್ತಾನೆ. ಧ್ಯಾನವನ್ನು ಬಿಟ್ಟುಕೊಟ್ಟರೆ ನಮ್ಮದೇ ಮನೆಯ ಆಸ್ತಿಯನ್ನು ಬಿಟ್ಟುಕೊಟ್ಟಂತೆ.

ಹೇಗೆ ಧ್ಯಾನಿಸುವುದು? ಅದೇ 23ನ್ನು ತೆಗೆದುಕೊಳ್ಳಿ. ಮೊದಲ ಮೂರು ವಚನಗಳಲ್ಲಿ ದಾವೀದನು ದೇವರ ಬಗ್ಗೆ ಮಾತಾಡುತ್ತಾನೆ: ಆತನು ಹಸುರುಗಾವಲುಗಳಲ್ಲಿ ತಂಗಿಸುತ್ತಾನೆ, ಆತನು ನಡೆಸುತ್ತಾನೆ. ನಾಲ್ಕನೆಯದರಲ್ಲಿ ಕಾರ್ಗತ್ತಲಿನ ಕಣಿವೆ ಬಂತು. ಅಲ್ಲಿಂದ ಮಾತಿನ ದಿಕ್ಕೇ ತಿರುಗುತ್ತದೆ: "ನೀನು ಹತ್ತಿರವಿರುವದರಿಂದ". ಹಸುರಿನಲ್ಲಿ ದೇವರ ಬಗ್ಗೆ ಹೇಳುತ್ತಿದ್ದವನು ಕತ್ತಲಲ್ಲಿ ದೇವರಿಗೇ ಹೇಳುತ್ತಾನೆ. ಇದು ಒಂದು ವಚನವನ್ನಷ್ಟೇ ಕಲಿತವರಿಗೆ ಕಾಣುವುದಿಲ್ಲ, ಮೂರನ್ನೂ ನಾಲ್ಕನ್ನೂ ಒಟ್ಟಿಗೆ ಬಾಯಲ್ಲಿ ಆಡಿಸಿದವರಿಗೆ ಒಂದು ದಿನ ತಾನಾಗಿ ಕಾಣುತ್ತದೆ. ಕಂಡ ಮೇಲೆ ಸುಮ್ಮನೆ ಮುಂದೆ ಹೋಗಬೇಡಿ. ನನ್ನ ಕಣಿವೆ ಯಾವುದು, ಅಲ್ಲಿ ನಾನು ದೇವರ ಬಗ್ಗೆ ಮಾತಾಡುತ್ತಿದ್ದೇನೋ, ದೇವರೊಡನೆ ಮಾತಾಡುತ್ತಿದ್ದೇನೋ ಎಂದು ಕೇಳಿಕೊಳ್ಳಿ. ಅಲ್ಲಿಂದ ಪ್ರಾರ್ಥನೆ ತಾನೇ ಹುಟ್ಟುತ್ತದೆ.

ಸುವಾರ್ತೆಯ ಕಥೆಗಳಿಗೆ ಇನ್ನೊಂದು ದಾರಿಯಿದೆ. ಕಥೋಲಿಕ ಸಭೆಯ ಸಂತ ಇಗ್ನೇಷಿಯಸ್ ಲೊಯೋಲಾ ಅವರು ಕಲಿಸಿದ ಕ್ರಮ: ಆ ಘಟನೆಯೊಳಗೆ ನೀವೂ ಹೋಗಿ ನಿಲ್ಲಬೇಕು. ನಾವು ಪ್ರಾಟೆಸ್ಟಂಟರು ಇದನ್ನು ಕಲಿಯಲು ಹಿಂಜರಿಯಬೇಕಾಗಿಲ್ಲ. ಮಾರ್ಕ 10:46–52ನ್ನು ಕಲಿತುಕೊಂಡು ದಾದರಿನ ಪಾದಚಾರಿ ಸೇತುವೆ ಹತ್ತಿ ನೋಡಿ. ಕುರುಡ ಬಾರ್ತಿಮಾಯನು ದಾರಿಯ ಮಗ್ಗುಲಲ್ಲಿ ಕೂತು ಕೂಗುತ್ತಾನೆ, ಜನರು ಸುಮ್ಮನಿರು ಎಂದು ಗದರಿಸುತ್ತಾರೆ. ಆ ಗುಂಪಿನಲ್ಲಿ ನಾನು ಎಲ್ಲಿದ್ದೇನೆ? ಗದರಿಸುವವರ ಜೊತೆಗೋ, ನೋಡಿಯೂ ನೋಡದೆ ಇಳಿದುಹೋಗುವವರ ಜೊತೆಗೋ? 49ನೇ ವಚನದಲ್ಲಿ ಯೇಸು ನಿಂತರು. ಅಷ್ಟು ಜನ ತಳ್ಳುತ್ತಿರುವಾಗ ನಿಲ್ಲುವುದೆಂದರೆ ಏನೆಂದು ಮುಂಬೈಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಅಜ್ಜಿಯ ನೆನಪಿನ ಗುಟ್ಟು ಕಿವಿಯಲ್ಲಿತ್ತು. ಕೇಳಿ, ಹಾಡಿ, ಎಲ್ಲರ ಜೊತೆ ಹೇಳಿ ಕಲಿತ ತಲೆಮಾರು ಅದು. ಇಂದಿಗೂ ನಮ್ಮ ಲೋಕಲ್‌ಗಳ ಭಜನಾ ಮಂಡಳಿಗಳನ್ನು ನೋಡಿ. ಪುಸ್ತಕವಿಲ್ಲದೆ, ನೂಕುನುಗ್ಗಲಿನಲ್ಲಿ ನಿಂತುಕೊಂಡೇ ಅಭಂಗದ ಮೇಲೆ ಅಭಂಗ ಹಾಡುತ್ತಾರೆ. ಅವರಲ್ಲಿ ಹೆಚ್ಚಿನವರು ಒಬ್ಬರೇ ಕೂತು ಉರುಹೊಡೆದು ಕಲಿತವರಲ್ಲ. ಆದ್ದರಿಂದ ಮಗಳ ಜೊತೆ ಸೇರಿ ಕಲಿಯುತ್ತೇವೆ ಎಂಬ ನಿಮ್ಮ ಯೋಚನೆ ನನಗೆ ಬಹಳ ಹಿಡಿಸಿತು. ಅಡುಗೆ ಮಾಡುವಾಗ ನೀವು ಅರ್ಧ ವಚನ ಹೇಳಿ, ಉಳಿದರ್ಧ ಅವಳು ಹೇಳಲಿ. ಲಿಪಿ ಬಾರದಿರುವುದು ಅಡ್ಡಿಯಲ್ಲ. ಅವಳು ತನ್ನ ಓದಿಗೆ ಇಂಗ್ಲಿಷನ್ನೋ ಮರಾಠಿಯನ್ನೋ ಆರಿಸಿಕೊಂಡರೆ ತಡೆಯಬೇಡಿ, ಅವಳ ಸ್ವಂತ ಯೋಚನೆಗಳು ಯಾವ ಮಾತಿನಲ್ಲಿ ಓಡುತ್ತವೋ ಆ ಮಾತಿನಲ್ಲಿ ವಾಕ್ಯವೂ ಇರಬೇಕು. ಆದರೆ ಒಂದು ಕೀರ್ತನೆಯಾದರೂ ಅಮ್ಮನ ಬಾಯಿಂದ, ಅಮ್ಮನ ಕನ್ನಡದಲ್ಲಿ ಸಿಗಲಿ.

ಕೊನೆಗೆ, ಮರೆತುಬಿಡುತ್ತೇನೆಂಬ ಅಳುಕು. ಮೂರು ವರ್ಷ ಜೊತೆಗಿದ್ದ ಶಿಷ್ಯರೂ ಮರೆತರು. ಪೇತ್ರನಿಗೆ ಸ್ವಾಮಿಯ ಮಾತು ನೆನಪಾದದ್ದು ಕೋಳಿ ಕೂಗಿದ ಮೇಲೆ. ಸಮಾಧಿಯ ಬಳಿ ಹೋದ ಹೆಂಗಸರು ಆತನ ಮಾತುಗಳನ್ನು ನೆನಪಿಗೆ ತಂದುಕೊಂಡದ್ದು ದೇವದೂತರು ಎಚ್ಚರಿಸಿದ ಮೇಲೆ. ಪವಿತ್ರಾತ್ಮನು ನಾನು ಹೇಳಿದ್ದನ್ನೆಲ್ಲಾ ನಿಮ್ಮ ನೆನಪಿಗೆ ತರುವನು ಎಂದು ಯೋಹಾನ 14:26ರಲ್ಲಿ ಆತನು ಮಾತು ಕೊಟ್ಟದ್ದು ಇಂಥ ಮರೆಯುವ ಜನರಿಗೇ. ನೀವು ಒಳಗೆ ಇಡಿ, ಹೊರಗೆ ತರುವ ಕೆಲಸದಲ್ಲಿ ನೀವು ಒಂಟಿಯಲ್ಲ.

ಮುಂದಿನ ಸಂಚಿಕೆಯಿಂದ ಹಿಂಬದಿಯ ಪುಟದಲ್ಲಿ ಒಂದು ಪೂರ್ಣ ಭಾಗವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ. ಮೂರು ತಿಂಗಳವರೆಗೆ ಅದನ್ನೇ ಇಡುತ್ತೇವೆ, ಬದಲಿಸುವುದಿಲ್ಲ. ಮೊದಲು 23, ಆಮೇಲೆ 121, ಅದರ ನಂತರ ರೋಮಾಪುರದವರಿಗೆ 8:31–39. ನಿಮ್ಮ ಮಗಳಿಗಾಗಿ 23ನೇ ಕೀರ್ತನೆಯ ಕನ್ನಡವನ್ನು ದೇವನಾಗರಿ ಅಕ್ಷರದಲ್ಲಿ ಬರೆಸಿ ಈ ವಾರದ ಅಂಚೆಗೆ ಹಾಕಿದ್ದೇನೆ. ಕೂಟದ ಉಳಿದ ಮಕ್ಕಳಿಗೂ ಬೇಕಾದರೆ ಎಷ್ಟು ಪ್ರತಿ ಎಂದು ತಿಳಿಸಿ.

— ಸಂಪಾದಕ