ಕಟೋರಿ ಬ್ಲೌಸ್ ಹೊಲಿಯುವ ಕೈಗೆ ಬರ್ಲೆಸ್ಕ್ ಒಳಉಡುಪು

ಪ್ರಶ್ನೆ: ರಾಜಾಜಿನಗರದಲ್ಲಿ ಬ್ಲೌಸ್ ಬೊಟಿಕ್ ನಡೆಸುತ್ತಿದ್ದೇನೆ. ಬರ್ಲೆಸ್ಕ್ ಶೈಲಿಯ ಒಳಉಡುಪು, ಅಂದರೆ ಸ್ಯಾಟಿನ್, ಲೇಸ್, ಕಾರ್ಸೆಟ್ ಥರದ್ದು, ಮಾಡಿ ಮಾರುವ ಆಸೆ. ಬೆಂಗಳೂರಿನಲ್ಲಿ ಇದನ್ನು ಕೊಳ್ಳುತ್ತಾರಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಖಂಡಿತ ಕೊಳ್ಳುತ್ತಾರೆ. ಆದರೆ ವೇದಿಕೆಯ ಉಡುಪನ್ನು ಹಾಗೇ ಹೊಲಿದರೆ ಒಮ್ಮೆ ಕೊಂಡು ಬೀರುವಿನಲ್ಲಿ ಇಡುತ್ತಾರೆ, ಮತ್ತೆ ಬರುವುದಿಲ್ಲ.

ಬರ್ಲೆಸ್ಕ್ ಮೊದಲು ಅಣಕು ನಾಟಕವಾಗಿತ್ತು. 1868ರಲ್ಲಿ ಇಂಗ್ಲೆಂಡಿನ ಲಿಡಿಯಾ ಥಾಂಪ್ಸನ್ ತಂಡ ಕಟ್ಟಿಕೊಂಡು ನ್ಯೂಯಾರ್ಕಿಗೆ ಹೋದ ಮೇಲೆ ಅಮೆರಿಕದಲ್ಲಿ ಅದರ ಹುಚ್ಚು ಹತ್ತಿತು. ಉಡುಪನ್ನು ಒಂದೊಂದಾಗಿ ಕಳಚುವ ಆಟ ಆಮೇಲೆ ಬಂದದ್ದು. ಹಾಗಾಗಿ ಆ ಬಟ್ಟೆಗಳು ದೂರಕ್ಕೆ ಹೊಳೆಯಬೇಕು, ಬೇಗ ಬಿಚ್ಚಬೇಕು, ಅಷ್ಟೇ. ನಿಮ್ಮ ಗಿರಾಕಿ ಬೆಳಗ್ಗೆ ಹಾಕಿಕೊಂಡು, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ರಾತ್ರಿ ಮನೆಗೆ ಬಂದು ತೆಗೆಯುವವಳು. ಒಂದು ಉಡುಪಿಗೆ ಒಂದೇ ವೇದಿಕೆಯ ಅಂಶ ಸಾಕು: ಬೆನ್ನ ಹಿಂದೆ ಸ್ಯಾಟಿನ್ ಲಾಡಿ, ಇಲ್ಲವೇ ಬ್ರಾ ಕಪ್‌ನ ಅಂಚಿಗೆ ಕಣ್ರೆಪ್ಪೆಯಂಥ ಲೇಸ್.

ಕಟೋರಿ ಬ್ಲೌಸ್ ಕತ್ತರಿಸುವವರಿಗೆ ತುಂಡು ಜೋಡಿಸಿ ಕಪ್ ಮಾಡುವುದು ಹೊಸದಲ್ಲ. ಎಡವುವುದು ಅಳತೆಯಲ್ಲಿ. ಬ್ಲೌಸಿಗೆ 36 ಅಂತ ಬರೆದುಕೊಳ್ಳುತ್ತೀರಲ್ವಾ, ಅದು ಎದೆಯ ತುಂಬು ಸುತ್ತಳತೆ. ಬ್ರಾದ ಅಂಕಿ ಎದೆಯ ಕೆಳಗಿನದು. ಕೆಳಗೆ 32 ಇಂಚು, ಮೇಲೆ 36 ಬಂದರೆ ವ್ಯತ್ಯಾಸ 4. ಇಂಚಿಗೊಂದು ಅಕ್ಷರದಂತೆ ಎ, ಬಿ, ಸಿ, ಡಿ ಎಣಿಸಿದರೆ 32ಡಿ. ಆದರೆ ಆಕೆ ಬ್ಲೌಸಿನ ಅಂಕಿ ನೆನೆದು 36ಬಿ ಕೇಳುತ್ತಾಳೆ. ಎರಡರ ಕಪ್ಪಿನ ಗಾತ್ರ ಹೆಚ್ಚುಕಡಿಮೆ ಒಂದೇ, ಪಟ್ಟಿ ಮಾತ್ರ ಸಡಿಲ. ಪಟ್ಟಿ ಬೆನ್ನ ಮೇಲೇರುತ್ತದೆ, ಭಾರ ಭುಜಕ್ಕೆ ಬೀಳುತ್ತದೆ, ಸಂಜೆಗೆ ಹೆಗಲ ಮೇಲೆ ಕೆಂಪು ಗೆರೆ. ಆ ಗೆರೆಯನ್ನು ನಾನು ಟ್ರಯಲ್ ರೂಮಿನಲ್ಲಿ ಎಷ್ಟು ಸಲ ನೋಡಿದ್ದೇನೋ! ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. 'ನನ್ನ ಮೈಯೇ ಸರಿಯಿಲ್ಲ' ಅಂದುಕೊಂಡು ಬರುವವರಿಗೆ ಮೊದಲು ಸರಿಯಾದ ಅಳತೆ ಹೇಳಿ. ಸ್ಯಾಟಿನ್ ಆಮೇಲೆ ತೋರಿಸಿ.

ಬ್ಲೌಸ್ ಬಟ್ಟೆ ಹಿಗ್ಗುವುದಿಲ್ಲ, ಬ್ರಾ ಪಟ್ಟಿ ಹಿಗ್ಗಲೇಬೇಕು. ಪಟ್ಟಿಗೆ ಪವರ್‌ನೆಟ್ ಎಂಬ ಹಿಗ್ಗುವ ಜಾಲರಿ ಬಟ್ಟೆ ಬಳಸಿ, ಒಳಗಡೆ ಮೈಗೆ ತಾಗುವಲ್ಲಿ ಹತ್ತಿಯ ಜೆರ್ಸಿ ಕೊಡಿ. ಚಿಕ್ಕಪೇಟೆಯಲ್ಲಿ ಲೇಸ್ ಕೊಳ್ಳುವಾಗ ಕೆನ್ನೆಗೆ ಉಜ್ಜಿ ನೋಡಿ. ಅಲ್ಲಿ ಚುಚ್ಚಿದರೆ ಎದೆಗೂ ಚುಚ್ಚುತ್ತದೆ. ಕತ್ತರಿಸುವ ಮುಂಚೆ ಒಮ್ಮೆ ತೊಳೆದು ಒಣಗಿಸಿ. ಸ್ಟಾಕಿಂಗ್ಸ್ ಸಿಕ್ಕಿಸುವ ಗಾರ್ಟರ್ ಪಟ್ಟಿ ನಮ್ಮ ಸೆಖೆಗೆ ಜಾಸ್ತಿ ಓಡುವುದಿಲ್ಲ. ಬೇಕಾದಾಗ ಸಿಕ್ಕಿಸಿ, ಬೇಡವಾದಾಗ ಬಿಚ್ಚಿಡುವಂತೆ ಮಾಡಿ. ಹೊಕ್ಕುಳ ತನಕ ಬರುವ ಹಳೇ ಮಾದರಿಯ ಚಡ್ಡಿ ಮಾತ್ರ ಸೀರೆ ಉಡುವವರಿಗೂ ಇಷ್ಟವಾಗುತ್ತದೆ, ಲಂಗದ ಲಾಡಿ ಸೊಂಟಕ್ಕೆ ಕೊರೆಯುವುದು ತಪ್ಪುತ್ತದೆ.

ತಲಾ 2,500 ರೂಪಾಯಿವರೆಗಿನ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5, ದಾಟಿದರೆ ಶೇ 18. ಬೆಲೆ ಕಟ್ಟುವಾಗ ಈ ಗೆರೆ ನೆನಪಿರಲಿ.

ಮಾರುವಾಗ ಬರೀ ತೆಳ್ಳನೆ ಮಾಡೆಲ್ ಫೋಟೊ ಬೇಡ. ಹೊಟ್ಟೆ, ಸ್ಟ್ರೆಚ್ ಮಾರ್ಕ್ ಇರುವ ಮೈಯೂ ಕಾಣಲಿ. ಅಳತೆ ತೆಗೆಯಲು ಹೆಂಗಸರೇ ಇರಲಿ. ಪಿಜಿಯಲ್ಲಿರುವ ಹುಡುಗಿಯ ಪಾರ್ಸೆಲ್ ಮೊದಲು ವಾಚ್‌ಮನ್ ಕೈಗೆ ಹೋಗುತ್ತದೆ. ಹೊರಗಡೆ ಚಿತ್ರ ಬೇಡ, ಸುಮ್ನೆ ಕಂದು ಡಬ್ಬಿ ಸಾಕು. ಸ್ಯಾಟಿನ್ ರಿಬ್ಬನ್ ಒಳಗಿನ ಪೊಟ್ಟಣಕ್ಕೆ ಕಟ್ಟಿ, ಬಾಗಿಲು ಹಾಕಿಕೊಂಡು ಅವಳೇ ಬಿಚ್ಚಲಿ.